ಮರಕ್ಕೆ ಹೊದಿಸಿದ ಕಂಬಳಿ

ಒದ್ದೆ ಕಂಬಳಿಯ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಹೋದ ವಾರ ನನ್ನ ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ತಾರಸಿ ಮೇಲೆ ಯಾವುದೋ ಕುರಿ ಬಂದಿದೆ ನೋಡು" ಎಂದು ಕೂಗಿದಳು. ಬಿಸಿಲಿಗೆ ಹರವಿದ್ದ ಕಂಬಳಿಯನ್ನು ಒಳಗೆ ತರಲು ಮರೆತಿದ್ದೆ. ಮಧ್ಯಾಹ್ನ ಕೋಟೆಯ ಬಂಡೆಗಳ ಹಿಂದಿನಿಂದ ಮೋಡ ಎದ್ದು, ನೋಡನೋಡುತ್ತಿದ್ದಂತೆ ವರ್ಷದ ಮೊದಲ ಮಳೆ ಚಿತ್ರದುರ್ಗದ ಮೇಲೆ ಸುರಿದುಬಿಟ್ಟಿತು. ಓಡಿಹೋಗಿ ಕಂಬಳಿ ಎತ್ತಿಕೊಂಡರೆ ನೀರು ಕುಡಿದು ಮಣಭಾರವಾಗಿತ್ತು. ಹಿಂಡಿದಾಗ ತಿಳಿಗೆಂಪು ನೀರು ಇಳಿಯಿತು. ಎಷ್ಟು ಸಲ ಒಗೆದರೂ ಆ ಕೆಂಪು ಪೂರ್ತಿ ಹೋಗಿಲ್ಲ... ಆ ವಾಸನೆ ಎಳೆದುಕೊಳ್ಳುತ್ತಾ ಮೆಟ್ಟಿಲ ಮೇಲೆ ಹಾಗೇ ಕುಳಿತುಬಿಟ್ಟೆ. ನಮ್ಮ ಓನರಮ್ಮ ನೆನಪಾದರು.

ಓನರಮ್ಮ ಎಂದರೆ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಡಿಗೆಗಿದ್ದ ಮನೆಯ ಯಜಮಾನಿ. ಹಿರಿಯೂರು ತಾಲೂಕಿನ ಆದಿವಾಲದ ಹುಡುಗಿ ನಾನು. ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವೆ, ಗುಡ್ಡದ ಬುಡದ ಒಂದು ಹಳ್ಳಿಯ ಶಾಲೆಗೆ ವಿಜ್ಞಾನದ ಟೀಚರಾಗಿ ಹೋಗಿದ್ದೆ. ಗುಡ್ಡದ ಈ ಮಗ್ಗುಲಲ್ಲಿ ಕುರುಚಲು ಕಾಡು, ಆ ಮಗ್ಗುಲಲ್ಲಿ ಅದಿರು ಅಗೆಯುವ ಗುಂಡಿಗಳು. ಅದಿರು ತುಂಬಿದ ಲಾರಿಗಳು ಬೆಳಗಿನಿಂದ ಸಂಜೆವರೆಗೆ ನಮ್ಮ ಊರ ಮುಂದಿನ ಮಣ್ಣು ರಸ್ತೆಯಲ್ಲೇ ಓಡುತ್ತಿದ್ದವು. ನಾನು ಗಂಜಿ ಹಾಕಿದ ಕಾಟನ್ ಸೀರೆಗಳನ್ನು ಇಸ್ತ್ರಿ ಮಾಡಿ ತುಂಬಿಕೊಂಡು ಹೋಗಿದ್ದೆ. ವಾರ ಕಳೆಯುವಷ್ಟರಲ್ಲಿ ಎಲ್ಲದರ ಬಣ್ಣವೂ ಒಂದೇ ಆಯಿತು. ಬಾವಿಕಟ್ಟೆಯ ಬಳಿ ಸೀರೆ ಕುಕ್ಕುತ್ತಾ ನಾನು ಆ ಲಾರಿಯವರ ವಂಶವನ್ನೆಲ್ಲಾ ಬಯ್ಯುತ್ತಿದ್ದರೆ, ಓನರಮ್ಮ ಉಣ್ಣೆ ನೂಲುತ್ತಾ ಕೂತು ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಮೆಲ್ಲಗೆ ಹೇಳಿದರು.

"ನಿನ್ ಸೀರೆಗಾದ್ರೆ ಸೋಪೈತೆ ಮೇಡಮ್ಮ. ನಮ್ ಮರಕ್ಕೇನೈತೆ ಹೇಳು?"

ಮರ ಎಂದರೆ ಅವರ ಕುರಿ ರೊಪ್ಪದ ಕಮರ. ಊರಾಚೆ ರಸ್ತೆ ತಿರುಗುವ ಕಡೆ, ಕಾಡಿನ ಅಂಚಿಗೆ ಅವರದೊಂದು ಹೊಲ. ಹೊಲದ ಮೂಲೆಯಲ್ಲಿ ಮುಳ್ಳುಬೇಲಿ ಕಟ್ಟಿ ಕುರಿ ಕೂಡುವ ರೊಪ್ಪ ಮಾಡಿದ್ದರು. ರೊಪ್ಪದ ನಡುವೆ ಆ ಒಂದೇ ಮರ. ಅವರ ಮನೆತನವೇ ಕುರಿಯವರದು. ಮಕ್ಕಳಿಬ್ಬರು ಹಿಂಡು ಹೊಡೆದುಕೊಂಡು ಹೋಗುತ್ತಿದ್ದರು. ಯಜಮಾನರು ಮನೆ ಮುಂದಿನ ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರು. ಮಿಕ್ಕ ರಾಜ್ಯಭಾರವೆಲ್ಲ ಓನರಮ್ಮನದೇ.

ಮೊದಲ ಸಲ ನನ್ನನ್ನು ರೊಪ್ಪಕ್ಕೆ ಕರೆದುಕೊಂಡು ಹೋದಾಗ ಅವರು ಕೆಳಗಿನ ಕೊಂಬೆಯಿಂದ ಒಂದು ಎಲೆ ಕಿತ್ತು ಅಂಗೈ ಮೇಲಿಟ್ಟರು. ಕಮರದ ಎಲೆ ಎರಡಾಗಿ ಸೀಳಿರುತ್ತದೆ, ಥೇಟು ಕುರಿಯ ಗೊರಸಿನ ಹಾಗೆ. ಆ ಎಲೆಯನ್ನು ಸೆರಗಿನ ಅಂಚಿನಿಂದ ಒರೆಸಿ ಸೆರಗನ್ನು ನನ್ನ ಮುಖದ ಹತ್ತಿರ ಹಿಡಿದರು. ಅಂಚು ಕೆಂಪಗಾಗಿತ್ತು. ಒರೆಸಿದ ಮೇಲೂ ಎಲೆ ಹಸಿರಾಗಿರಲಿಲ್ಲ. ಹಳದಿಗೆ ತಿರುಗಿ, ಅಂಚು ಸುಟ್ಟುಕೊಂಡಿತ್ತು.

"ನಾನು ಈ ಮನೆಗ್ ಬಂದಾಗ ವರ್ಷಕ್ಕೊಂದ್ ಮೊಳ ಚಿಗುರ್ತಿತ್ತು ಕಣವ್ವ. ಈಗ ಗೇಣೂ ಇಲ್ಲ. ಭರಣಿ ಮಳೆ ಬಂದ್ರೆ ಮೈ ತೊಳ್ಕಂತಿತ್ತು, ಈಗ ಭರಣೀನೂ ಇಲ್ಲ, ಕೃತ್ತಿಕೇನೂ ಇಲ್ಲ. ಬಂದ್ರೆ ಒಂದೇ ಸಲ ಬಂದು ಕೊಚ್ಕಂಡ್ ಹೋಗ್ತೈತೆ."

ನನಗೆ ಪಾಠ ಹೇಳುವ ಚಟ. ಅಲ್ಲೇ ನಿಂತು ಶುರುಮಾಡಿದೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ, ಮರ ಉಸಿರಾಡುವುದು ಅವುಗಳಿಂದಲೇ, ಧೂಳು ಹೊಗೆ ಕೂತರೆ ತೂತು ಕಟ್ಟಿಕೊಳ್ಳುತ್ತದೆ, ಬೆಳಕೂ ಒಳಗಿಳಿಯುವುದಿಲ್ಲ, ಅಡುಗೆಯಾಗುವುದಿಲ್ಲ, ಅಡುಗೆಯಾಗದೆ ಮರ ಬೆಳೆಯುವುದಿಲ್ಲ. ಮಳೆ ಹೊತ್ತಿಗೆ ಸರಿಯಾಗಿ ಬಂದರೆ ತೊಳೆದುಹೋಗುತ್ತದೆ, ಮಳೆ ತಪ್ಪಿದರೆ ಧೂಳೂ ನಿಂತಿತು, ಬೇರಿಗೆ ನೀರೂ ಇಲ್ಲ. ಓನರಮ್ಮ ಗಲ್ಲಕ್ಕೆ ಕೈಕೊಟ್ಟು ಕೇಳಿಸಿಕೊಂಡರು.

"ಹಂಗಾದ್ರೆ ಇದ್ಕೆ ಮೂಗು ಕಟ್ಟೈತೆ ಅನ್ನು" ಎಂದರು.

ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಆ ದೀಪಾವಳಿಯ ಮೇಲೆ ಯಜಮಾನರು ಒಂದು ಮಾತು ಆಡಿದರು. ಅವರ ಮಗ್ಗಕ್ಕೂ ಧೂಳಿನ ಕಾಟ ತಪ್ಪಿದ್ದಿಲ್ಲ. ಉದ್ದಕ್ಕೆ ಹಾಸಿದ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿದರೆ ಅದರ ಮೇಲೂ ಕೆಂಪು ಬಂದು ಕೂರುತ್ತಿತ್ತು. ರಸ್ತೆಯ ಪಕ್ಕದ ಬಾಳೇ ಸಾಕಾಗಿತ್ತು ಅವರಿಗೆ. ನೆರಳೇ ಇಲ್ಲದ ಮರದ ಕೆಳಗೆ ಮರಿ ಕಟ್ಟಿ ಸಾಯಿಸುವುದಕ್ಕಿಂತ ಜಾಗ ಬದಲಾಯಿಸುವುದು ಮೇಲು ಎಂದು ಅವರ ವಾದ.

"ಬರೋ ಮುಂಗಾರಿಗೆ ಚಿಗುರಿದ್ರೆ ಇರ್ಲಿ. ಇಲ್ಲಾಂದ್ರೆ ಕಡ್ಸಿಹಾಕಿ ರೊಪ್ಪಾನ ಕೆರೆ ಕಡೀಗೆ ಒಯ್ಯಾಣ" ಎಂದರು.

ಓನರಮ್ಮ ಉಣ್ಣೆ ಎತ್ತಿಕೊಂಡು ಎದ್ದುಹೋದರು. ಮದುವೆಯಲ್ಲಿ ತವರಿನವರು ಬಳುವಳಿಯಾಗಿ ಕೊಟ್ಟ ಕುರಿಗಳು ಮೊದಲ ಮರಿ ಹಾಕಿದ್ದು ಆ ಮರದಡಿ. ಹಿರಿಮಗನ ಜೋಳಿಗೆ ತೂಗಿದ್ದು ಆ ಮರದ ಕೊಂಬೆಗೆ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಮರಿಗಳಿಗೆ ಸೊಪ್ಪು ಕೊಟ್ಟು ಸಾಕಿದ್ದೂ ಅದೇ. ಬೇರೆಯವರ ಮನೆಗೆ ಬಂದ ಹುಡುಗಿಗೆ ನನ್ನದು ಎನ್ನಲು ಆಗ ಇದ್ದದ್ದು ಆ ಕುರಿ, ಆ ನೆರಳು, ಇಷ್ಟೇ. ಇದನ್ನೆಲ್ಲ ಅವರು ಒಂದೇ ಸಲಕ್ಕೆ ಹೇಳಿದ್ದಲ್ಲ. ಉಣ್ಣೆ ನೂಲುತ್ತಾ ಇವತ್ತೊಂದು ಎಳೆ, ನಾಳೆಯೊಂದು ಎಳೆ...

ಯಜಮಾನರು ಆ ಮಾತಾಡಿದ ಮಾರನೆಯ ದಿನ ಶಾಲೆಯಿಂದ ಬರುವಾಗ ನೋಡುತ್ತೇನೆ, ಓನರಮ್ಮ ಇಬ್ಬರು ಸೊಸೆಯರನ್ನು ಕಟ್ಟಿಕೊಂಡು ಮರ ತೊಳೆಯುತ್ತಿದ್ದಾರೆ. ಗಳುವಿನ ತುದಿಗೆ ಬಟ್ಟೆ ಸುತ್ತಿ, ಕೊಡದಲ್ಲಿ ಅದ್ದಿ, ಕೊಂಬೆ ಕೊಂಬೆಯನ್ನೂ ಒರೆಸುತ್ತಿದ್ದಾರೆ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನಗುತ್ತಿದ್ದರು. ನನಗೂ ನಗು ತಡೆಯಲಾಗಲಿಲ್ಲ.

"ಯಾಕೆ ನಗ್ತೀಯವ್ವ? ಉಣ್ಣೆ ಕತ್ತರ್ಸಕ್ ಮುಂಚೆ ಕುರೀನ ಕೆರೇಲಿ ಮೈ ತೊಳಿಯಲ್ವಾ? ಇದೂ ಹಂಗೇ. ಮೂಗೈತೆ ಅಂತ ಹೇಳ್ದಾಕೆ ನೀನೇ" ಎಂದರು.

ಮೊದಲ ದಿನದ ಸ್ನಾನ ಫಜೀತಿಯಲ್ಲಿ ಮುಗಿಯಿತು. ಎಲೆ ಇನ್ನೂ ಆರಿರಲಿಲ್ಲ, ಲಾರಿಗಳ ಸಾಲು ಬಂತು. ಒಣ ಎಲೆಯಾಗಿದ್ದರೆ ಒಂದಿಷ್ಟು ಧೂಳಾದರೂ ಜಾರುತ್ತಿತ್ತು. ಒದ್ದೆ ಎಲೆಗೆ ಬಿದ್ದದ್ದೆಲ್ಲ ಮೆತ್ತಿಕೊಂಡಿತು. ಸಂಜೆ ಹೊತ್ತಿಗೆ ಮರ ಮೊದಲಿಗಿಂತ ಕೆಂಪಗಿತ್ತು. ಯಜಮಾನರು ಮಗ್ಗದಿಂದ ತಲೆಯೆತ್ತಿ, "ಅರಿಶಿಣ ಕುಂಕುಮ ಇಟ್ಟು ಕಳ್ಸೀಯೇನು?" ಎಂದು ಕೇಳಿದರು. ಓನರಮ್ಮ ಆ ರಾತ್ರಿ ಅವರಿಗೆ ಬರಿ ಮುದ್ದೆ ಬಡಿಸಿ ಸಾರು ಮರೆತರು.

ಆಮೇಲೆ ಅವರು ಕಂಡುಕೊಂಡ ಉಪಾಯ ಯಾವ ಪುಸ್ತಕದಲ್ಲೂ ಇಲ್ಲ. ರಸ್ತೆ ತಿರುಗುವ ಕಡೆ ಒಂದು ಚಪ್ಪಟೆ ಕಲ್ಲಿತ್ತು. ಬೆಳಗಾದರೆ ನೂಲುವ ಕದರು ಹಿಡಿದು ಅಲ್ಲಿ ಕೂರತೊಡಗಿದರು. ಮೇಯಲು ಹೋಗದ ಬಾಣಂತಿ ಕುರಿಗಳು, ಕುಂಟುವ ಕುರಿಗಳು ಒಂದಿಷ್ಟು ರೊಪ್ಪದಲ್ಲೇ ಇರುತ್ತಿದ್ದವು. ದೂರದಲ್ಲಿ ಲಾರಿಯ ಸದ್ದಾದರೆ ಸಾಕು, ಓನರಮ್ಮ ನಾಲಿಗೆಯಲ್ಲಿ ಟರ್ರ್ ಎನ್ನುತ್ತಿದ್ದರು. ಕುರಿಗಳು ಎದ್ದು ರಸ್ತೆ ದಾಟಲು ಹೊರಡುತ್ತಿದ್ದವು. ಕುರಿ ದಾಟುವುದನ್ನು ಅವಸರ ಮಾಡಲು ಯಾರಿಂದಲೂ ಆಗುವುದಿಲ್ಲ. ಹಾರನ್ ಹೊಡೆದರೆ ಅವು ಅಲ್ಲೇ ನಿಂತು ಯೋಚನೆ ಮಾಡುತ್ತವೆ. ಲಾರಿ ನಿಲ್ಲಲೇಬೇಕು, ನಿಂತ ಮೇಲೆ ಮೆಲ್ಲಗೆ ಹೊರಡಲೇಬೇಕು. ಮೆಲ್ಲಗೆ ಹೋದ ಲಾರಿ ಧೂಳೆಬ್ಬಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಲಾರಿ, ಕುರಿಗಳು ವಾಪಸ್ಸು.

ಡ್ರೈವರುಗಳು ಮೊದಮೊದಲು ರೇಗಿದರು. ಒಬ್ಬ ಇಳಿದು ಬಂದು, "ಏನಮ್ಮಾ, ನಿನ್ ಕುರಿಗೆ ಆಕಡೆ ಈಕಡೆ ಓಡಾಡೋದೇ ಕೆಲ್ಸನಾ?" ಎಂದ. ಓನರಮ್ಮ ಕದರು ತಿರುಗಿಸುವುದನ್ನು ನಿಲ್ಲಿಸದೆ, "ನಿಂಗೂ ಅದೇ ಕೆಲ್ಸ ಅಲ್ವೇನಪ್ಪ? ಕುಂತ್ಕ, ಮಜ್ಜಿಗೆ ಕುಡ್ದು ಹೋಗು" ಎಂದರು. ಅವನು ಕುಡಿದ. ಬರಬರುತ್ತಾ ಅವರಿಗೂ ಅಭ್ಯಾಸವಾಯಿತು. ಕುರಿ ಕಾಣದಿದ್ದರೂ ಆ ತಿರುವಿನಲ್ಲಿ ಗೇರು ಇಳಿಸುತ್ತಿದ್ದರು. ಪಕ್ಕದ ತೋಟದವರ ಬಳಿ ಔಷಧಿ ಹೊಡೆಯುವ ಪಂಪು ಇತ್ತು. ಅದನ್ನು ಚೆನ್ನಾಗಿ ಬೆಳಗಿ ಬರೀ ನೀರು ತುಂಬಿಕೊಂಡು, ಲಾರಿ ಓಡದ ಭಾನುವಾರಗಳಂದು ಮರಕ್ಕೆ ಸ್ನಾನ ಮಾಡಿಸಿದರು. ಒಂದೆರಡು ಭಾನುವಾರ ನಾನೂ ಪಂಪು ಹೊತ್ತೆ. ಸೀರೆಯ ಆಸೆ ಅಷ್ಟರಲ್ಲಿ ಬಿಟ್ಟುಹೋಗಿತ್ತು.

ಎಲ್ಲ ಸರಿಹೋಗುತ್ತಿದೆ ಅಂದುಕೊಂಡಿದ್ದೆವು. ಯುಗಾದಿ ಹೊತ್ತಿಗೆ ಹಳೆ ಎಲೆ ಉದುರಿ ಹೊಸದು ಬರಬೇಕಿತ್ತು. ಬಂತು, ಆದರೆ ಅಲ್ಲೊಂದು ಇಲ್ಲೊಂದು, ಅದೂ ಮುದುರಿಕೊಂಡು. ನನಗೆ ಬೇಸಿಗೆ ರಜೆ ಕೊಟ್ಟರು, ನಾನು ಊರಿಗೆ ಹೋದೆ. ಮುಂಗಾರು ಹತ್ತಿರವಾಗುತ್ತಿತ್ತು. ಆ ಮನೆಯಲ್ಲಿ ತಾಳ್ಮೆ ತಪ್ಪಿದ್ದು ಆಗಲೇ ಇರಬೇಕು.

ಶಾಲೆ ಶುರುವಾದಾಗ ಬಸ್ಸಿನ ಕಿಟಕಿಯಿಂದ ಮರ ಹುಡುಕಿದೆ. ಮರವಿರಲಿಲ್ಲ. ಮರದ ಜಾಗದಲ್ಲಿ ಒಂದು ಬೋಳು ಕಂಬ ನಿಂತಿತ್ತು. ಯಜಮಾನರು ಹಟ ಸಾಧಿಸಿದರು ಎಂದು ಸಿಟ್ಟಿನಿಂದ ಮನೆಗೆ ಬಂದರೆ, ಮಾಡಿದ್ದು ಅವರಲ್ಲ. ಓನರಮ್ಮನೇ ನಿಂತು, ಮಕ್ಕಳ ಕೈಲಿ ಒಂದು ಕೊಂಬೆಯನ್ನೂ ಬಿಡದೆ ಸವರಿಸಿದ್ದರು. ಅವರ ಲೆಕ್ಕ ಅವರಿಗೆ ಸರಿಯಾಗೇ ಇತ್ತು. ಮೈ ತೊಳೆದ ಮೇಲೆ ಉಣ್ಣೆ ಕತ್ತರಿಸಬೇಕು, ಹಳೆಯ ಕೊಳಕು ಉಣ್ಣೆ ಹೋದರೆ ಹೊಸದು ಸೊಂಪಾಗಿ ಬರುತ್ತದೆ, ಹುಟ್ಟಿದಾಗಿನಿಂದ ನೋಡಿದ ಸಂಗತಿ. ಪ್ರತಿ ಬೇಸಿಗೆ ಮರಿಗಳಿಗೆಂದು ನಾಲ್ಕು ಕೊಂಬೆ ಸವರಿ ಮಿಕ್ಕದ್ದನ್ನು ಬಿಡುತ್ತಿದ್ದವರು, ಈ ಸಲ ಕುರಿಯ ಉಣ್ಣೆ ಕತ್ತರಿಸಿದ ಹಾಗೆ ಪೂರ್ತಿ ಸವರಿಬಿಟ್ಟರು. ಕುರಿಗೆ ಹೊಟ್ಟೆಗೆ ಮೇವು ಸಿಗುತ್ತದೆ, ಉಣ್ಣೆ ಬರುತ್ತದೆ. ಮರದ ಮೇವು ಎಲೆಯಲ್ಲೇ ತಯಾರಾಗಬೇಕು, ಎಲೆಯೇ ಇಲ್ಲ. ಮೇಲಿಂದ ಭರಣಿ ಹನಿ ಹಾಕಲಿಲ್ಲ, ಕೃತ್ತಿಕೆ ಹನಿ ಹಾಕಲಿಲ್ಲ, ರೋಹಿಣಿಯಲ್ಲೂ ಬೆಂಕಿಯಂಥ ಬಿಸಿಲು. ನೆರಳಿಲ್ಲದ ಕಾಂಡದ ತೊಗಟೆ ಪಡುವಣ ಬದಿಯಲ್ಲಿ ಸೀಳು ಬಿಡತೊಡಗಿತ್ತು.

"ನಾನೇ ಕೊಂದೆ ಕಣೇ" ಎಂದರು ಓನರಮ್ಮ. ಮರ ಇನ್ನೂ ಹಸಿಯಾಗಿದೆ, ಬೇರು ಆಳಕ್ಕಿದೆ, ಕಮರ ಗಟ್ಟಿ ಜಾತಿ ಎಂದು ಏನೇನೋ ಹೇಳಿದೆ. ಅವರು ನನ್ನ ಪಾಠ ಕೇಳುವ ಸ್ಥಿತಿಯಲ್ಲಿರಲಿಲ್ಲ. ಕಲ್ಲಿನ ಮೇಲೆ ಕೂರುವುದನ್ನು ನಿಲ್ಲಿಸಿಬಿಟ್ಟಿದ್ದರು. ಲಾರಿಗಳು ಮತ್ತೆ ಜೋರಾಗಿ ಓಡುತ್ತಿದ್ದವು.

ಯಜಮಾನರು ಕಡಿಸುವ ಮಾತೆತ್ತುತ್ತಾರೆ ಎಂದು ನಾವೆಲ್ಲ ಕಾದೆವು. ಎತ್ತಲಿಲ್ಲ. ಒಂದು ಮಧ್ಯಾಹ್ನ ಮಗ್ಗದಿಂದ ಎದ್ದು, ಆಗತಾನೇ ಮುಗಿಸಿದ್ದ ಕಂಬಳಿಯನ್ನು ಕೊಡವಿಕೊಂಡು ಒಳಗೆ ಬಂದರು. ಹೆಂಡತಿಯ ಮುಂದೆ ಹಾಕಿದರು.

"ಉಣ್ಣೆ ಕತ್ತರ್ಸಿದ್ ಕುರೀನ ಬಿಸಿಲಿಗ್ ಬಿಡ್ತಾರೇನೇ ಯಾರಾದ್ರೂ? ಎದ್ದೇಳು. ಹೊದ್ಸಾಣ ನಡಿ."

ಅವರಿಬ್ಬರೂ ಮುಂದೆ, ನಾನು ಹಿಂದೆ. ಕಾಂಡಕ್ಕೆ ಕಂಬಳಿ ಸುತ್ತಿ ತೆಂಗಿನ ಹುರಿಯಿಂದ ಬಿಗಿದೆವು. ಒಂದು ಕೊಡ ನೀರನ್ನು ಮೇಲಿಂದ ಹೊಯ್ದಾಗ ಆ ವಾಸನೆ ಎದ್ದಿತು, ಒದ್ದೆ ಉಣ್ಣೆ, ಬಿಸಿ ಮಣ್ಣು, ಕುರಿ ಹಿಕ್ಕೆ ಎಲ್ಲಾ ಸೇರಿದ್ದು. ಯಜಮಾನರು ಗಂಟು ಗಟ್ಟಿಯಾಗಿದೆಯೇ ಎಂದು ಎಳೆದು ನೋಡುತ್ತಿದ್ದರು. ಓನರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ.

ಆಮೇಲೆ ದಿನಾ ಬೆಳಿಗ್ಗೆ ಕಂಬಳಿಗೆ ನೀರು. ಓನರಮ್ಮ ಮತ್ತೆ ಕಲ್ಲಿನ ಮೇಲೆ ಕೂತರು. ಒಂದು ಸೋಮವಾರ ಹಾಲುರಾಮೇಶ್ವರಕ್ಕೆ ಹೊರಟು ನನ್ನನ್ನೂ ಎಳೆದುಕೊಂಡು ಹೋದರು. ಅರ್ಚನೆ ಯಾರ ಹೆಸರಿಗೆ ಎಂದು ಅರ್ಚಕರು ಕೇಳಿದಾಗ, "ಕಮರಪ್ಪ ಅನ್ರಿ. ನಮ್ ಮನೇವ್ನೇ" ಎಂದರು. ನಕ್ಷತ್ರ ಕೇಳಿದರು. ಓನರಮ್ಮ ಒಂದು ಗಳಿಗೆ ಯೋಚಿಸಿ, "ಭರಣಿ ಮಳೇಲಿ ಚಿಗುರ್ತಿದ್ದ. ಭರಣಿ ಅಂತ್ಲೇ ಹೇಳ್ರಿ" ಎಂದರು. ಅರ್ಚಕರು ಭರಣಿ ನಕ್ಷತ್ರದ ಕಮರಪ್ಪನ ಆಯುರಾರೋಗ್ಯಕ್ಕೆ ಭಕ್ತಿಯಿಂದ ಪೂಜೆ ಮಾಡಿಕೊಟ್ಟರು. ನಾನು ಕಂಬದ ಹಿಂದೆ ನಿಂತು ತುಟಿ ಕಚ್ಚಿಕೊಂಡಿದ್ದೆ.

ಮೃಗಶಿರ ಮಳೆ ಬಂತು. ಅಬ್ಬರವಿಲ್ಲದೆ, ಬಿಟ್ಟು ಬಿಟ್ಟು, ಹಳೆಯ ಕಾಲದ ಮಳೆಯ ಹಾಗೆ. ಅದಾದ ಮೇಲೊಂದು ಬೆಳಿಗ್ಗೆ ನಾನು ಬೋರ್ಡಿನ ಮೇಲೆ ಎಲೆಯ ಚಿತ್ರವನ್ನೇ ಬರೆಯುತ್ತಿದ್ದೆ. ಬಾಗಿಲಲ್ಲಿ ಓನರಮ್ಮ. ಚಪ್ಪಲಿ ಕೈಯಲ್ಲಿ, ಕಾಲೆಲ್ಲ ಕೆಸರು.

"ಮೇಡಮ್ಮ, ಬರ್ದದ್ ಸಾಕು. ಬಾ."

ಇಡೀ ತರಗತಿಯೇ ನನ್ನ ಹಿಂದೆ ಹೊರಟಿತು. ಬೋಳು ಕಂಬದ ತುದಿಯಲ್ಲಿ, ಕತ್ತರಿಸಿದ ಗಾಯಗಳ ಪಕ್ಕದಲ್ಲಿ, ಕಂಬಳಿಯ ಮೇಲಂಚಿನ ಹತ್ತಿರ, ಎಲ್ಲೆಂದರಲ್ಲಿ ಕೆಂಪು ಮೊಗ್ಗು ಒಡೆದಿದ್ದವು. ಕೆಲವು ಆಗಲೇ ಬಿಚ್ಚಿಕೊಂಡು, ಈಗ ಹುಟ್ಟಿದ ಮರಿಯ ಗೊರಸಿನಷ್ಟು ಸಣ್ಣಗೆ, ಎರಡಾಗಿ ಸೀಳಿ ನಿಂತಿದ್ದವು. ಓನರಮ್ಮ ಒಂದನ್ನು ಕೀಳದೆ, ಬಗ್ಗಿ, ಸೆರಗಿನ ಅಂಚಿನಿಂದ ಒರೆಸಿದರು. ಸೆರಗನ್ನು ನನ್ನ ಮುಖದ ಹತ್ತಿರ ಹಿಡಿದರು. ಅಂಚು ಬೆಳ್ಳಗೇ ಇತ್ತು. ಯಜಮಾನರು ಬಂದು ತಲೆಯೆತ್ತಿ ನೋಡಿ, "ರೊಪ್ಪ ಇಲ್ಲೇ ಇರ್ಲಿ ಬಿಡು" ಎಂದು ಮಗ್ಗಕ್ಕೆ ವಾಪಸ್ಸಾದರು.

ಮರ ಬದುಕಿದ್ದು ಕಂಬಳಿಯಿಂದಲೋ, ಲಾರಿ ನಿಧಾನವಾದದ್ದರಿಂದಲೋ, ಮೃಗಶಿರದಿಂದಲೋ, ಅರ್ಚನೆಯಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ವಿಜ್ಞಾನದ ಟೀಚರಾಗಿ ಒಂದನ್ನು ಆರಿಸಬೇಕಿತ್ತು. ಕಮರಕ್ಕೇ ಅಷ್ಟು ಹಟವಿತ್ತೇನೋ... ಒಂದಂತೂ ಹೇಳಬಲ್ಲೆ. ಕಾಡಿನ ಅಂಚಿನ ಮಿಕ್ಕ ಮರಗಳೂ ಆ ತಿರುವಿನ ಸುತ್ತ ಒಂದಿಷ್ಟು ಚೇತರಿಸಿಕೊಂಡವು. ಅವನ್ನು ಯಾರೂ ತೊಳೆದಿರಲಿಲ್ಲ.

ವರ್ಗವಾಗಿ ಹೊರಟಾಗ ಓನರಮ್ಮ ಆ ಕಂಬಳಿಯನ್ನು ಒಗೆದು ಮಡಿಸಿ ನನ್ನ ಟ್ರಂಕಿನ ಮೇಲಿಟ್ಟರು. ಇನ್ನೊಬ್ಬರ ಮೈಮೇಲಿದ್ದದ್ದು ಕೊಡಬಾರದು ಎನ್ನುತ್ತಾರಲ್ಲ ಎಂದು ತಮಾಷೆ ಮಾಡಿದೆ. "ಅವ್ನೀಗ ಬೆಳ್ದವ್ನೆ, ಅವ್ನಿಗ್ಯಾಕೆ" ಎಂದರು. ಬಸ್ಸು ತಿರುವು ದಾಟುವವರೆಗೂ ಕಲ್ಲಿನ ಪಕ್ಕ ನಿಂತಿದ್ದರು.

ಅವರು ಹೋಗಿ ಕೆಲವು ವರ್ಷವಾಯಿತು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಕಾರ್ಯವೆಲ್ಲ ಮುಗಿದಿತ್ತು. ಅವರ ಹಿಂದೆಯೇ ಯಜಮಾನರೂ ಹೋದರು. ಬರುತ್ತೇನೆ ಬರುತ್ತೇನೆ ಎಂದು ದೊಡ್ಡ ಸೊಸೆಗೆ ಫೋನಿನಲ್ಲಿ ಹೇಳುತ್ತಲೇ ಇದ್ದೆ. ಹೋದ ವಾರ ಕಂಬಳಿ ನೆನೆಯದಿದ್ದರೆ ಇನ್ನೂ ಹಾಗೇ ಹೇಳಿಕೊಂಡಿರುತ್ತಿದ್ದೆನೇನೋ. ಮೊನ್ನೆ, ಭಾನುವಾರ ಬಿಟ್ಟು, ಲಾರಿ ಓಡುವ ದಿನವೇ ರಜೆ ಹಾಕಿ ಹೊಳಲ್ಕೆರೆ ಬಸ್ಸು ಹತ್ತಿದೆ.

ರಸ್ತೆಗೆ ಈಗ ಡಾಂಬರು ಬಂದಿದೆ, ಅಂಚಿನಲ್ಲಿ ಮಾತ್ರ ಹಳೆಯ ಕೆಂಪು. ಮಳೆಯ ಚಾಳಿ ಸುಧಾರಿಸಿಲ್ಲ ಎಂದು ದೊಡ್ಡ ಸೊಸೆ ದೂರಿದಳು. ಈಗ ಅವಳದೇ ರಾಜ್ಯಭಾರ. ರೊಪ್ಪದ ಬೇಲಿ ಹಿಂದಕ್ಕೆ ಸರಿದಿದೆ, ಮರಕ್ಕೆ ಜಾಗ ಸಾಲದೆ. ಕಮರ ನಾಲ್ಕು ದಿಕ್ಕಿಗೂ ಕೈಚಾಚಿ ಜೋಲುತ್ತಿತ್ತು, ಕೆಳಗೆ ಮರಿಗಳು ಮಲಗಿದ್ದವು. ಬೇಲಿಯಾಚೆ ಅದರ ಬೀಜದಿಂದ ಎದ್ದ ಸಸಿಗಳಿಗೆ ಸೊಸೆ ಮುಳ್ಳು ಮುಚ್ಚಿದ್ದಳು. ನಾನು ಒಂದು ಎಲೆಯನ್ನು ಕೀಳದೆ ಸೆರಗಿನ ಅಂಚಿನಿಂದ ಒರೆಸಿದೆ. ಕೆಂಪು ಬಂತು. ಮೊದಲಿನಷ್ಟಲ್ಲ. ಎಲೆ ಮಾತ್ರ ಹಸಿರಾಗಿತ್ತು, ಅಂಚಿನವರೆಗೂ.

ಆಗ ದೂರದಲ್ಲಿ ಲಾರಿಯ ಸದ್ದಾಯಿತು. ಅದಿರಿನ ಮೇಲೆ ಟಾರ್ಪಾಲು ಬಿಗಿದಿತ್ತು, ಓಡಿಸುತ್ತಿದ್ದವನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಹಿಂಡು ಮೇಯಲು ಹೋಗಿತ್ತು, ರಸ್ತೆ ಖಾಲಿ. ಆದರೂ ಲಾರಿ ತಿರುವಿಗೆ ಬರುತ್ತಿದ್ದಂತೆ ಗೇರು ಇಳಿಸಿ, ನಿಂತಂತೆಯೇ ಆಗಿ, ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. ಯಾವ ಕುರಿಗೆ ಕಾದನೋ.

"ಎಲ್ಲಾರೂ ಹಂಗೇ ಮೇಡಮ್ಮ" ಎಂದಳು ಸೊಸೆ. "ಹಳೇ ಡ್ರೈವರ್‌ಗಳು ಹೇಳ್ಕೊಟ್ಟವ್ರಂತೆ, ಇಲ್ಲಿ ನಿಧಾನ ಹೋಗ್ಬೇಕು ಅಂತ. ಯಾಕೆ ಅಂತ ಇವಕ್ಕೆ ಗೊತ್ತಿಲ್ಲ."

ಇದನ್ನು ಹೇಳಬೇಕಾದವರಿಗೆ ಹೇಳೋಣ ಎಂದು ತಟ್ಟನೆ ಕಲ್ಲಿನ ಕಡೆ ತಿರುಗಿದೆ... ಬಿಸಿಲು ಬಿದ್ದಿತ್ತು ಅದರ ಮೇಲೆ. ಲಾರಿ ಮೆಲ್ಲಗೆ ತಿರುವು ದಾಟಿ ಹೋಯಿತು. ಎದ್ದ ಧೂಳು ಚಕ್ರದ ಎತ್ತರಕ್ಕೇ ನಿಂತು, ರಸ್ತೆಯ ಅಂಚಿನಲ್ಲೇ ಕೂತುಕೊಂಡಿತು.